ಹದಿನೇಳನೇ ತಾರೀಖಿನ ಅರ್ಜಿಗಳು

ಕೋವಿಡ್ ಮುಗಿದು ಕಚೇರಿಗಳೆಲ್ಲ ಮೊದಲಿನಂತೆ ತೆರೆದ ಮರುವರ್ಷದ ಮಾತು. ಆಗ ನಾನು ಮುಂಬಯಿಯ ಒಂದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ವಿಭಾಗದಲ್ಲಿ ಶಿಪಾಯಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು. ಅದು ನಿಮ್ಮಜ್ಜನ ನೌಕರಿ. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೊಟ್ಟರು. ಇಂಡಿ ತಾಲೂಕಿನ ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ನನಗೆ ಆ ವಿಭಾಗದ ಹೆಸರನ್ನು ತಡವರಿಸದೆ ಹೇಳಲು ಬರುವುದಕ್ಕೇ ಆರು ತಿಂಗಳು ಹಿಡಿಯಿತು. ಒಂದು ದೇಶ ಇನ್ನೊಂದು ದೇಶದೊಡನೆ ಯಾಕೆ ಜಗಳ ತೆಗೆಯುತ್ತದೆ, ಹೇಗೆ ರಾಜಿಯಾಗುತ್ತದೆ ಎಂಬುದನ್ನು ಅಲ್ಲಿ ಎಂ.ಎ. ಮಕ್ಕಳಿಗೆ ಕಲಿಸುತ್ತಾರೆ. ನಿಮ್ಮಮ್ಮ ಮತ್ತು ನಿಮ್ಮ ಮಾಮಾ ಚಿಕ್ಕವರಿದ್ದಾಗ ನನ್ನ ಮನೆಯಲ್ಲೂ ದಿನಾ ಅದೇ ಪಾಠ ನಡೆಯುತ್ತಿತ್ತು.

ನನ್ನ ಕೆಲಸ ಇನ್‌ವರ್ಡ್ ಟೇಬಲ್ಲಿನದು. ಹೊರಗಿನಿಂದ ಬಂದ ಪ್ರತಿ ಕಾಗದವನ್ನೂ ಮೊದಲು ಆ ಟೇಬಲ್ಲಿಗೆ ಕೊಡಬೇಕು. ಅದರ ಮೇಲೆ ತಾರೀಖಿನ ಮೊಹರು ಒತ್ತಿ, ನಂಬರು ಹಾಕಿ, ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಒಳಗೆ ಕಳಿಸುವುದು. ಮೊಹರಿನಲ್ಲಿ ದಿನ, ತಿಂಗಳು, ವರ್ಷಕ್ಕೆ ಒಂದೊಂದು ಪುಟ್ಟ ರಬ್ಬರ್ ಪಟ್ಟಿ ಇರುತ್ತದೆ, ಬೆರಳಿನಿಂದ ತಿರುಗಿಸಬೇಕು. ನನ್ನದು ಹಳೆಯ ಮೊಹರು, ಬಹಳ ಬಿಗಿ. ತಿರುಗಿಸಿದರೆ ಬೆರಳುಗಳೆಲ್ಲ ನೇರಳೆ ಆಗುತ್ತಿದ್ದವು. ಬೆಳಿಗ್ಗೆ ಬಂದ ಕೂಡಲೇ ಕೈ ಮಸಿ ಮಾಡಿಕೊಳ್ಳುವುದು ಬೇಡವೆಂದು ನಾನೊಂದು ರೂಢಿ ಮಾಡಿಕೊಂಡಿದ್ದೆ. ಸಂಜೆ ಪೌಣೇ ಐದಕ್ಕೆ, ಅಂದರೆ ನಾಲ್ಕೂ ಮುಕ್ಕಾಲಿಗೆ, ಮೊಹರನ್ನು ನಾಳೆಯ ತಾರೀಖಿಗೆ ತಿರುಗಿಸಿ, ನಳದ ಹತ್ತಿರ ಹೋಗಿ ಊಟದ ಡಬ್ಬಿಯನ್ನೂ ಕೈಯನ್ನೂ ಒಟ್ಟಿಗೇ ತೊಳೆದು ಬರುತ್ತಿದ್ದೆ. ಐದು ಗಂಟೆಗೆ ಎದ್ದರೆ ಮುಲುಂಡಿಗೆ ಹೋಗುವ ಲೋಕಲ್ ಸಿಗುತ್ತಿತ್ತು. ಆ ಕಾಲು ತಾಸಿನಲ್ಲಿ ಯಾವ ಕಾಗದವೂ ಬರುತ್ತಿರಲಿಲ್ಲ. ಬಂದರೂ ನಾಳೆಯ ತಾರೀಖು ಬಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಆ ವರ್ಷ ವಿಭಾಗದಲ್ಲಿ ಬಹಳ ದಿನಗಳ ನಂತರ ಎರಡು ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಜಾಹೀರಾತು ಹೊರಟಿತು. ಪಿಎಚ್.ಡಿ. ಮಾಡಿಯೂ ಇಂದು ಒಂದು ಕಾಲೇಜು, ನಾಳೆ ಇನ್ನೊಂದು ಕಾಲೇಜು ಎಂದು ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತಾ ಅಲೆಯುವವರು ಈ ಊರಿನಲ್ಲಿ ಎಷ್ಟೋ ಜನ. ಅವರೆಲ್ಲ ಇಂಥ ಜಾಹೀರಾತಿಗೆ ಕಾದಿರುತ್ತಾರೆ. ನಿಯಮ ಕಟ್ಟುನಿಟ್ಟಾಗಿತ್ತು. ಕಂಪ್ಯೂಟರಿನಲ್ಲಿ ತುಂಬಿದ ಅರ್ಜಿಯ ಏಳು ಪ್ರತಿಗಳು, ಎಲ್ಲ ಪ್ರಮಾಣಪತ್ರಗಳ ಸಮೇತ, ನವೆಂಬರ್ ಹದಿನೇಳು ಗುರುವಾರ ಸಂಜೆ ಐದರೊಳಗೆ ನನ್ನ ಟೇಬಲ್ ಮುಟ್ಟಬೇಕು. ಮೊಹರಿನಲ್ಲಿ ಹದಿನೆಂಟು ಎಂದಿದ್ದರೆ ಆ ಅರ್ಜಿಯನ್ನು ಬಿಚ್ಚಿ ಕೂಡ ನೋಡುವುದಿಲ್ಲ.

ಒಟ್ಟು ನೂರ ಎಂಬತ್ತೇಳು ಅರ್ಜಿಗಳು ಬಂದವು. ಕೊನೆಯ ವಾರದಲ್ಲಿ ರಿಜಿಸ್ಟರ್ ಬರೆಯಲೂ ಪುರುಸೊತ್ತಿಲ್ಲದೆ, ಮೊಹರು ಒತ್ತಿ ಇಟ್ಟುಕೊಂಡು ಮರುದಿನ ಬೆಳಿಗ್ಗೆ ಆ ಮೊಹರು ನೋಡಿಯೇ ರಿಜಿಸ್ಟರ್ ತುಂಬುತ್ತಿದ್ದೆ.

ಹದಿನೇಳರಂದು ಡಬ್ಬಿ ತೊಳೆದು ಬಂದು ಕೂತಿದ್ದೇನೆ, ಐದಕ್ಕೆ ಹತ್ತು ನಿಮಿಷವಿದೆ, ಒಬ್ಬ ಹುಡುಗಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಎರಡೂ ಕೈಯಲ್ಲಿ ದೊಡ್ಡ ಗಂಟು. ಕಾಂದಿವಲಿಯಿಂದ ಬರುವಾಗ ಲೋಕಲ್ ನಡುವೆ ನಿಂತುಬಿಟ್ಟಿತ್ತಂತೆ.

"ಮಾವಶಿ, ಟೈಮ್ ಹೈ ನಾ ಅಭೀ?"

"ಹೈ, ಹೈ. ಪಹಲೇ ಪಾನಿ ಪಿಯೋ," ಎಂದು, ಇನ್ನೂ ಹೊತ್ತಿದೆಯೆಂದು ಸಮಾಧಾನ ಹೇಳಿ ನೀರು ಕೊಟ್ಟೆ.

ಏಳು ಪ್ರತಿಗಳನ್ನೂ ಗಾದಿ ಹೊಲಿಯುವ ದಪ್ಪ ಬಿಳಿ ದಾರದಿಂದ ಕಟ್ಟಿದ್ದರು. ಕತ್ತರಿಸಿ, ಎಣಿಸಿ, ಏಳಕ್ಕೂ ಮೊಹರು ಒತ್ತಿದೆ, ಆಕೆಯ ರಸೀದಿಗೂ ಒತ್ತಿದೆ. ಹೆಸರು ಡಾಕ್ಟರ್ ತಬಸ್ಸುಮ್ ನದಾಫ್. ರಸೀದಿಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತು ತಂದೆಗೆ ಫೋನ್ ಮಾಡಿದಳು.

"ಅಬ್ಬಾ, ಮುಟ್ಟಿಸೀನ್ರಿ. ಹ್ಞೂಂ, ಟೈಮಿಗೇ. ಚಿಂತಿ ಮಾಡಬ್ಯಾಡ್ರಿ. ಅಲ್ರೀ, ಅದೇನ್ ಗಂಟ್ರೀ ಅದು! ಅರ್ಜಿ ಕಟ್ಟರಿ ಅಂದ್ರ ಗಾದಿ ಹೊಲದಂಗ ಹೊಲದೀರಲ್ಲ, ಕತ್ತರೀನೇ ಬೇಕಾತು ನೋಡ್ರಿ."

ನಮ್ಮ ಕಡೆಯ ಮಾತು! ಯಾವೂರವ್ವ ನಿಂದು ಎಂದು ಕೇಳಬೇಕೆನಿಸಿತು. ಆದರೆ ನಾನಾಗಿ ಮುಂದೆ ಬಿದ್ದು ಮಾತಾಡಿದವಳೇ ಅಲ್ಲ. ಆಕೆ ಹೊರಟು ಹೋದಳು. ಬೆನ್ನಿಗೇ ಪರೀಕ್ಷಾ ವಿಭಾಗದ ಶಿಪಾಯಿ ಗಣಪತ್ ಒಂದು ಪತ್ರ ತಂದ. ಅವನ ಪಿಯೋನ್ ಬುಕ್ಕಿನಲ್ಲಿ, ಅಂದರೆ ಪತ್ರ ಮುಟ್ಟಿತೆಂದು ಸಹಿ ತೆಗೆದುಕೊಳ್ಳುವ ಪುಸ್ತಕದಲ್ಲಿ, ಸಹಿ ಮಾಡಿ ಮೊಹರು ಒತ್ತಿ ಲೋಕಲ್ ಹಿಡಿಯಲು ಓಡಿದೆ.

ಮೂರು ವಾರದ ಮೇಲೆ ಸ್ಕ್ರೂಟಿನಿ ನಡೆಯಿತು. ಯಾವ ಅರ್ಜಿ ನಿಯಮದ ಪ್ರಕಾರವಿದೆ, ಯಾವುದಿಲ್ಲ ಎಂದು ಸೋಸುವ ಕೆಲಸ ಅದು. ನಮ್ಮ ಕಚೇರಿಯ ಅಧೀಕ್ಷಕರಾದ ಸಾವಂತ್ ಸಾಹೇಬರು ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ಝೆರಾಕ್ಸ್ ಮಾಡಿಸಲು ನನ್ನ ಕೈಗೆ ಕೊಟ್ಟರು. ತಡವಾಗಿ ಬಂದವು ಎಂಬ ತಲೆಬರಹದ ಕೆಳಗೆ ಹನ್ನೊಂದು ಹೆಸರುಗಳು. ನಾಲ್ಕನೆಯದು ನದಾಫ್.

ಇಲ್ಲ, ಆಕೆ ಹೊತ್ತಿಗೇ ಬಂದಿದ್ದಳು ಎಂದುಕೊಂಡು ಕಪಾಟಿನಿಂದ ಅರ್ಜಿ ತೆಗೆದು ನೋಡಿದೆ. ನೇರಳೆ ಅಕ್ಷರದಲ್ಲಿ ಹದಿನೆಂಟು. ಒತ್ತಿದ್ದು ನಾನೇ, ಸಂಜೆಯೇ ನಾಳೆಗೆ ತಿರುಗಿಸಿಟ್ಟ ಮೊಹರಿನಿಂದ; ರಸೀದಿಯಲ್ಲೂ ಅದೇ ಬಿದ್ದಿರಬೇಕು, ಗಡಿಬಿಡಿಯಲ್ಲಿ ಆಕೆಯೂ ನೋಡಿರಲಿಲ್ಲ. ರಿಜಿಸ್ಟರಿನಲ್ಲೂ ನನ್ನದೇ ಕೈಬರಹದಲ್ಲಿ ಹದಿನೆಂಟು. ಅರ್ಜಿಯನ್ನು ಕಪಾಟಿಗೆ ಸೇರಿಸಿ ಪಟ್ಟಿಯನ್ನು ಝೆರಾಕ್ಸ್ ಮಾಡಿಸಿ ಕೊಟ್ಟೆ.

ಮನೆಗೆ ಬಂದು ನಿಮ್ಮಮ್ಮನಿಗೆ ಹೇಳಿದೆ. ಅವಳೂ ಆಗಷ್ಟೇ ವಿಕ್ರೋಳಿಯ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು.

"ಅವ್ವಾ, ಯಾರರೆ ಕೇಳ್ಯಾರೇನು ನಿನ್ನ? ಇಲ್ಲಲ್ಲ. ಚುಪ್ ಕೂಡು ಮತ್ತ. ಸರ್ವಿಸ್ ಬುಕ್ಕಿನ್ಯಾಗ ಒಂದು ಮೆಮೋ ಬಿತ್ತಂದ್ರ ಪೆನ್ಶನ್ ಫೈಲ್ ಅಟಕ್ ಹೋಗತದ."

"ಆ ಹುಡುಗಿದು?"

"ಅಕಿಗೆ ಇನ್ನೊಂದು ಕಡೆ ಸಿಗತದ. ನಿನಗ ಇನ್ನೊಂದು ಪೆನ್ಶನ್ ಸಿಗಂಗಿಲ್ಲ."

ಇದನ್ನು ಓದಿ ಅಮ್ಮನ ಮೇಲೆ ಸಿಟ್ಟಾಗಬೇಡಿ. ಅವಳು ನನಗಾಗಿ ಹೆದರಿದ್ದಳು. ನಾನೂ ಹೆದರಿದ್ದೆ. ಮರುದಿನ ಪೂರ್ತಿ ಸುಮ್ಮನೇ ಕೂತೆ. ಆದರೆ ಆ ಪಟ್ಟಿ ಸಹಿಯಾಗಿ ಮೇಲಿನ ಕಚೇರಿಗೆ ಹೋದರೆ ಮತ್ತೆ ತಿದ್ದಲು ಬರುವುದಿಲ್ಲವೆಂದು ಗೊತ್ತಿತ್ತು. ಅದು ಹೋಗುವುದು ಸೋಮವಾರ. ಶುಕ್ರವಾರ ಮಧ್ಯಾಹ್ನ, ಊಟ ಮುಗಿಸಿ ಸಾವಂತ್ ಸಾಹೇಬರು ಸೋಂಪು ಜಗಿಯುವ ಹೊತ್ತಿಗೆ, ಎದುರು ನಿಂತು ಹೇಳಿಬಿಟ್ಟೆ.

ಅವರು ಜಗಿಯುವುದನ್ನು ನಿಲ್ಲಿಸಿದರು. ಅರ್ಜಿ ತರಿಸಿ ಮೊದಲ ಪುಟದ ಮೇಲೆ ಬೆರಳಿಟ್ಟರು. "ಜನ್ಮಸ್ಥಳ ವಿಜಯಪುರ ಜಿಲ್ಲೆ. ಕಸ್ತೂರಿಬಾಯಿ, ನೀವೂ ಅಲ್ಲಿಯವರೇ ಅಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು ಸಾಹೇಬ್."

"ಮೂರು ವಾರ ನೆನಪಾಗಲಿಲ್ಲ. ಊರ ಹುಡುಗಿಯ ಹೆಸರು ಪಟ್ಟಿಯಲ್ಲಿ ಕಂಡ ಕೂಡಲೇ ನೆನಪಾಯಿತು! ಇದನ್ನು ಯಾರು ನಂಬುತ್ತಾರೆ? ಉಳಿದ ಹತ್ತು ಜನ ಕೋರ್ಟಿಗೆ ಹೋದರೆ ನೀವು ಬರುತ್ತೀರಾ ಕಟಕಟೆಗೆ?"

ಅವರು ಕೆಟ್ಟವರಲ್ಲ, ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತು. "ಮೇಡಂ ಅವರ ಹತ್ತಿರ ಬರುತ್ತೇನೆ ಸಾಹೇಬ್. ಅಲ್ಲಿಯೂ ಇದನ್ನೇ ಹೇಳುತ್ತೇನೆ," ಎಂದೆ. ಅವರು ಅರ್ಜಿ ಎತ್ತಿಕೊಂಡರು. ಆಮೇಲೆ "ಚಲಾ," ಎಂದು ತಾವೇ ಮುಂದೆ ನಡೆದರು.

ವಿಭಾಗದ ಮುಖ್ಯಸ್ಥೆ ಜೋಶಿ ಮೇಡಂ ಅವರ ಕೋಣೆಗೆ ನಾನು ದಿನಕ್ಕೆ ಹತ್ತು ಸಲ ಹೋಗುತ್ತಿದ್ದೆ, ಆದರೆ ಕುರ್ಚಿಯಲ್ಲಿ ಕೂತದ್ದಿಲ್ಲ. ಆ ದಿನ ಅವರು ಕೂರಿಸಿ ನನ್ನ ಮಾತು ಪೂರ್ತಿ ಕೇಳಿದರು. ಮೊಹರು ತರಿಸಿ ತಾವೇ ತಿರುಗಿಸಿ ನೋಡಿದರು. ಬೆರಳು ನೇರಳೆಯಾಯಿತು. ನನಗೆ ನಗು ಬಂದರೂ ನಗಲಿಲ್ಲ.

"ಆ ಹತ್ತು ಹದಿನೈದು ನಿಮಿಷದಲ್ಲಿ ಈ ಮೊಹರು ಇನ್ನೆಲ್ಲಿ ಒತ್ತಿದ್ದೀರಿ, ನೆನಪು ಮಾಡಿಕೊಳ್ಳಿ. ಗಡಿಬಿಡಿ ಬೇಡ," ಎಂದರು.

ಆಗ ಗಣಪತ್ ನೆನಪಾದ. ಅವನ ಪಿಯೋನ್ ಬುಕ್ ತರಿಸಿದರು. ಅವನೂ ಏನಾಯಿತೋ ಎಂದು ಹಿಂದೆಯೇ ಬಂದ. ನವೆಂಬರ್ ಹದಿನೇಳರ ಪುಟದಲ್ಲಿ ನನ್ನ ಸಹಿ, ಪಕ್ಕದಲ್ಲಿ ಹದಿನೆಂಟರ ಮೊಹರು. ಅದರ ಕೆಳಗೆ ಗ್ರಂಥಾಲಯದವರ ಸಹಿ, ಹಾಸ್ಟೆಲಿನವರ ಸಹಿ. ಎರಡರಲ್ಲೂ ಹದಿನೇಳು. ಅಂದರೆ ಹದಿನೇಳರ ಸಂಜೆಯೇ ನನ್ನ ಮೊಹರು ಹದಿನೆಂಟಕ್ಕೆ ತಿರುಗಿತ್ತು.

ಗಣಪತ್ ತಲೆ ಕೆರೆದುಕೊಂಡು, "ಕಾಯ್ ಮಾವಶಿ! ನಮ್ಮೆಲ್ಲರಿಗಿಂತ ಒಂದು ದಿನ ಮೊದಲೇ ನಾಳೆಗೆ ಹೋಗಿ ಬಂದಿರಲ್ಲ! ಲಾಟರಿ ನಂಬರಾದರೂ ನೋಡಿಕೊಂಡು ಬರಬಾರದಿತ್ತೇ?" ಎಂದ. ಸಾವಂತ್ ಸಾಹೇಬರೂ ನಕ್ಕುಬಿಟ್ಟರು. ನನಗೆ ಎದೆಯ ಮೇಲಿನ ಭಾರ ಇಳಿದಂತಾಗಿ ಎದ್ದು ನಿಂತೆ.

"ಕೂತುಕೊಳ್ಳಿ," ಎಂದರು ಮೇಡಂ. "ಉಳಿದ ಹತ್ತು ಅರ್ಜಿ ಎಲ್ಲಿವೆ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಹತ್ತನ್ನೂ ಲಕೋಟೆ ಸಮೇತ ತಂದು ಟೇಬಲ್ಲಿನ ಮೇಲಿಟ್ಟೆವು. ಕೊರಿಯರ್‌ನಲ್ಲಿ ಬಂದವುಗಳ ನಂಬರನ್ನು ಮೇಡಂ ಒಂದೊಂದಾಗಿ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಯಾವುದು ಯಾವಾಗ ಮುಟ್ಟಿತೆಂದು ಅದರಲ್ಲಿ ಬರುತ್ತದೆ. ಆರು ನೋಡಿದರು, ಆರೂ ನಿಜವಾಗಿಯೇ ತಡವಾಗಿದ್ದವು. ಏಳನೆಯದಕ್ಕೆ ಕೈ ನಿಲ್ಲಿಸಿದರು. ಹದಿನೇಳನೇ ತಾರೀಖು, ನಾಲ್ಕು ಗಂಟೆ ಐವತ್ನಾಲ್ಕು ನಿಮಿಷ, ಪಡೆದವರು: ಕಸ್ತೂರಿಬಾಯಿ.

ಅರ್ಜಿ ಗುವಾಹಾಟಿಯಿಂದ ಬಂದಿತ್ತು. ಹೆಸರು ಡಾಕ್ಟರ್ ನಿರಂಜನ್ ಬೋರಾ. ಕೊರಿಯರ್‌ನವನು ಅಂದು ಬಂದಿದ್ದನೇ ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಅವನ ಮುಖವಿಲ್ಲ, ಲಕೋಟೆಯ ನೆನಪಿಲ್ಲ. ಆ ಹೊತ್ತಿನಲ್ಲಿ ನಾನು ಕೇಳಿಸಿಕೊಂಡಿದ್ದು ಬಾಗಿಲಲ್ಲಿ ನಿಂತು ತಂದೆಯೊಡನೆ ಮಾತಾಡುತ್ತಿದ್ದ ಹುಡುಗಿಯ ಧ್ವನಿ ಮಾತ್ರ. ಸಾವಂತ್ ಸಾಹೇಬರ ಮಾತು ಅರ್ಧ ನಿಜವೇ ಆಗಿತ್ತು. ಆಕೆ ನಮ್ಮ ಮಾತು ಆಡಿರದಿದ್ದರೆ ಆಕೆಯ ಹೆಸರನ್ನೂ ಪಟ್ಟಿಯಲ್ಲಿ ಸುಮ್ಮನೆ ದಾಟಿಹೋಗುತ್ತಿದ್ದೆನೇನೋ.

ಉಳಿದ ಮೂರು ಅರ್ಜಿಗಳನ್ನು ಕೈಯಲ್ಲಿ ತಂದುಕೊಟ್ಟಿದ್ದರು. ಮೇಡಂ ಮೂವರಿಗೂ ಫೋನ್ ಮಾಡಿಸಿದರು. ಮೂವರೂ ತಾವು ಮರುದಿನ ಬಂದದ್ದನ್ನು ಒಪ್ಪಿಕೊಂಡರು. ನಾನು ಹೇಳಿದಂತೆ ಸಾವಂತ್ ಸಾಹೇಬರು ನನ್ನ ಹೇಳಿಕೆ ಬರೆದರು, ಅದರಲ್ಲಿ ಇಬ್ಬರ ಹೆಸರಿತ್ತು. ಕೆಳಗೆ ಸಹಿ ಮಾಡಿದೆ, ಇಬ್ಬರ ಅರ್ಜಿಯೂ ತಿರಸ್ಕೃತ ಪಟ್ಟಿಯಿಂದ ಹೊರಬಂತು. ಮೆಮೋ ಬಂತು, ಸರ್ವಿಸ್ ಬುಕ್ಕಿಗೂ ಹತ್ತಿತು. "ಪೆನ್ಶನ್ ಫೈಲ್ ನಾನು ನೋಡಿಕೊಳ್ಳುತ್ತೇನೆ, ರಡೂ ನಕಾ," ಎಂದರು ಸಾಹೇಬರು. ಅಳಬೇಡಿ ಎಂದು ಅದರ ಅರ್ಥ. ಮುಂದೆ ಆ ಫೈಲನ್ನು ತಾವೇ ಕೈಯಲ್ಲಿ ಹಿಡಿದು ಮೂರು ಕಚೇರಿ ತಿರುಗಿದರು.

ಸಂದರ್ಶನ ಜನವರಿಯಲ್ಲಿ ನಡೆಯಿತು. ತಬಸ್ಸುಮ್ ಒಳಗೆ ಅರ್ಧ ತಾಸು ಇದ್ದಳು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ನಾನು ಚಹ ಕೊಟ್ಟು, ಅರ್ಜಿ ತಂದ ದಿನ ಕೇಳದೆ ಬಿಟ್ಟದ್ದನ್ನು, ಯಾವೂರವ್ವ ನಿಂದು ಎಂದು, ಈಗ ಕೇಳಿದೆ. ಮೊಹರಿನ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ.

ಆಕೆ ಕಪ್ಪು ಕೆಳಗಿಟ್ಟಳು. "ಏನ್ರೀ ಮಾವಶಿ! ನನ್ನ ಕಥಿ ಅಲ್ಲೇ ಮುಗಸತಿದ್ರಲ್ಲ ನೀವು!" ಎಂದಳು. ಸಿಟ್ಟೇ ಇತ್ತು ಧ್ವನಿಯಲ್ಲಿ. ನನ್ನ ಕಡೆ ತಿರುಗಿ, "ಆಮ್ಯಾಲ ನೀವಾಗೇ ಹೋಗಿ ಹೇಳಿದ್ರೇನು?" ಎಂದು ಕೇಳಿದಳು.

"ಹೂಂ ಅವ್ವಾ. ಹೆದರಿಕೊಂತ ಹೇಳಿದೆ."

ಆಕೆ ನನ್ನ ಕೈ ಹಿಡಿದುಕೊಂಡಳು. ಚಹ ಆರಿಹೋಯಿತು.

ಎರಡು ಹುದ್ದೆಗಳಲ್ಲಿ ಒಂದು ಪುಣೆಯ ಒಬ್ಬರಿಗೆ ಹೋಯಿತು. ಇನ್ನೊಂದು ಗುವಾಹಾಟಿಯ ಬೋರಾ ಅವರಿಗೆ. ತಬಸ್ಸುಮ್ ಕಾಯುವ ಪಟ್ಟಿಯಲ್ಲಿ ಮೊದಲನೆಯವಳಾದಳು, ಆದರೆ ಜಾಗ ಖಾಲಿಯಾಗಲಿಲ್ಲ. ಫಲಿತಾಂಶ ಹಚ್ಚಿದ ದಿನ ನಾನು ನಳದ ಹತ್ತಿರ ನಿಂತು ಅತ್ತೆ. ಆಕೆ ಈಗಲೂ ಎರಡು ಕಾಲೇಜುಗಳ ನಡುವೆ ಓಡಾಡುತ್ತಾಳೆ, ಎಲ್ಲೆಲ್ಲೂ ಅರ್ಜಿ ಹಾಕುತ್ತಾಳೆ. ಈದ್ ದಿನ ನಮ್ಮ ಮನೆಗೆ ಸುರಕುಂಬಾ, ಅದೇ ಶಾವಿಗೆ ಪಾಯಸ, ತರುವ ತಬ್ಬು ಮೌಸಿ ಯಾರೆಂದು ಈಗ ನಿಮಗೆ ತಿಳಿಯಿತಲ್ಲ.

ಬೋರಾ ಸರ್ ಮಾರ್ಚಿನಲ್ಲಿ ಹಾಜರಾದರು. ತೆಳ್ಳಗಿನ ಮನುಷ್ಯ, ಮೃದು ಮಾತು. ನನ್ನನ್ನು ಆಂಟಿ ಎನ್ನುತ್ತಿದ್ದರು. ನಾನು ನಿವೃತ್ತಳಾಗುವವರೆಗೆ ಹತ್ತು ತಿಂಗಳು ಅವರ ಕ್ಲಾಸಿಗೆ ಹಾಜರಿ ಪುಸ್ತಕ ಒಯ್ದು ಕೊಟ್ಟೆ. ಬಾಗಿಲ ಹೊರಗೆ ನಿಂತಾಗ ಒಳಗೆ ಮಕ್ಕಳು ಪ್ರಶ್ನೆ ಕೇಳುವುದು, ಅವರು ನಗುತ್ತಾ ಉತ್ತರಿಸುವುದು ಕೇಳಿಸುತ್ತಿತ್ತು. ಅವರ ಅರ್ಜಿ ಕಪಾಟಿನಲ್ಲೇ ಉಳಿದುಬಿಡುತ್ತಿತ್ತೆಂದು ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಕ್ಕಳೇ, ತಪ್ಪನ್ನು ಒಪ್ಪಿಕೊಳ್ಳಿ ಎಂದು ನಿಮ್ಮ ಶಾಲೆಯಲ್ಲಿ ಹೇಳಿಕೊಡುತ್ತಾರೆ. ನನ್ನ ಟೇಬಲ್ ಕಲಿಸಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ನಮ್ಮ ತಪ್ಪಿನಿಂದ ನೊಂದವರಲ್ಲಿ ಒಬ್ಬರ ಮುಖ ನಮಗೆ ನೆನಪಿರುತ್ತದೆ, ಅವರಿಗಾಗಿ ಜೀವ ಮರುಗುತ್ತದೆ. ಅವರದನ್ನು ಸರಿಮಾಡಿ ಎದ್ದುಬಿಡಬೇಡಿ. ಜೋಶಿ ಮೇಡಂ ನನ್ನನ್ನು ಕೂರಿಸಿದ ಹಾಗೆ ನಿಮ್ಮನ್ನು ನೀವೇ ಮತ್ತೆ ಕೂರಿಸಿ, ಮುಖ ನೆನಪಿಲ್ಲದವರು ಇನ್ನು ಯಾರಿದ್ದಾರೆ ಎಂದು ಹುಡುಕಿ.