ಗೋಡೆಗೆ ತಿರುಗಿದ ಹಲಗೆ

ಆಗ ನನಗೆ ಹತ್ತೊಂಬತ್ತು. ಅದಕ್ಕೀಗ ನಲವತ್ತೈದು ವರ್ಷವಾಯಿತು. ರಿಪ್ಪನ್‌ಪೇಟೆಯ ಹೋಟೆಲಿನ ಅಡುಗೆ ಭಟ್ಟರ ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹಬೆಗೆ ಬೆಂದು ಬೆಂದು ನುಣ್ಣಗಾಗಿದ್ದವು. ಉರಿಯ ಮೇಲಿನ ಪಾತ್ರೆಯಿಂದ ಕೊಟ್ಟೆ ಕಡುಬನ್ನು ಬರಿಗೈಯಲ್ಲಿ ಎತ್ತುತ್ತಿದ್ದರು.

ನಾನು ಅಲ್ಲಿ ಹಿಟ್ಟು ರುಬ್ಬುವವಳು. ಗಲ್ಲಾದ ಹಿಂದಿನ ಗೋಡೆಗೆ ತಿಂಡಿಯ ಹೆಸರು ಬರೆದ ಹಲಗೆಗಳನ್ನು ತೂಗುಹಾಕುವುದೂ ನನ್ನ ಕೆಲಸವೇ. ತಿಂಡಿ ಮುಗಿದರೆ ಅದರ ಹಲಗೆಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಬೇಕು. ತಿರುಗಿದ್ದನ್ನು ಗಿರಾಕಿಗಳು ಕೇಳುತ್ತಿರಲಿಲ್ಲ. ನನಗೆ ಓದು ಬಾರದೆಂದು ಭಟ್ಟರು ಹಲಗೆಗಳ ಹಿಂದೆ ಚಾಕುವಿನಿಂದ ಗೀಟು ಹಾಕಿಕೊಟ್ಟರು. ಇಡ್ಲಿಗೆ ಒಂದು, ದೋಸೆಗೆ ಎರಡು, ಕಡುಬಿಗೆ ಮೂರು. ಆರು ತಿಂಗಳಾದ ಮೇಲೆ ಗದರಿದರು.

“ಎಷ್ಟು ದಿನ ಗೀಟು ಎಣಿಸ್ತೀಯೆ ಮಾರಾಯ್ತಿ? ಹಲಗೆ ಮುಂದಿರೋ ಅಕ್ಷರ ನೋಡು.”

ನನಗೆ ಬರುವ ಅಕ್ಷರವೆಲ್ಲ ಆ ಹಲಗೆಗಳದ್ದು.

ಕಡುಬಿಗೆ ದಿನಾ ಸಂಜೆ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ, ಹಿಟ್ಟು ಹೊಯ್ಯುವ ಕೊಟ್ಟೆ ಮಾಡಬೇಕು. ಅದು ನನ್ನ ಪಾಲಿಗೆ ಬರುತ್ತಿತ್ತು. ಕಡುಬು ಕೇಳುವವರು ಕಡಿಮೆಯಾದರೆ ಕೊಟ್ಟೆಯೂ ಕಡಿಮೆಯಾದೀತೆಂದು, ಪಾತ್ರೆ ತುಂಬಾ ಇರುವಾಗಲೇ ಅದರ ಹಲಗೆ ತಿರುಗಿಸತೊಡಗಿದೆ. ಭಟ್ಟರು ಒಲೆ ಬಿಟ್ಟು ಹೊರಗೆ ಬರುವುದು ಅಪರೂಪ. ಹೋಟೆಲಿನ ಸಾಹುಕಾರರು ಗಲ್ಲಾದಲ್ಲಿ ಕೂರುವುದು ಹಲಗೆಗೆ ಬೆನ್ನು ಹಾಕಿ. ಒಂದು ದಿನ ಮಾತ್ರ ಭಟ್ಟರು ಬಂದು ನೋಡಿದರು.

“ಇದೆಂತದೇ? ಒಳಗೆ ಕಡುಬು ಇದ್ಯಲ್ಲ.”

“ಗಾಳಿಗೆ ತಿರುಗಿರ್ಬೇಕು ಭಟ್ರೇ.”

ನೇರ ಮಾಡಿ ಒಳಗೆ ಹೋದರು. ನಾನು ಮತ್ತೆ ತಿರುಗಿಸಿದೆ.

ಉಳಿದ ಕಡುಬು ದಿನಾ ದನಕ್ಕೆ ಹೋಗುವುದನ್ನು ಕಂಡು, ತಿಂಗಳೊಳಗೆ ಸಾಹುಕಾರರು ಅಡುಗೆಮನೆಗೆ ಬಂದರು.

“ನಿಮ್ಮ ಕೈರುಚಿ ಹೋಯ್ತು ಭಟ್ರೇ. ಕಡುಬು ಕೇಳೋರೇ ಇಲ್ಲ. ತೀರ್ಥಹಳ್ಳಿಯಿಂದ ಬೇರೆಯವ್ರು ಬರ್ತಾರೆ. ನಾಳೆಯಿಂದ ನೀವು ಬರೋದು ಬೇಡ.”

ಭಟ್ಟರು ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದರು. ನಾನು ರುಬ್ಬುಗುಂಡು ತಿರುಗಿಸುವುದನ್ನು ನಿಲ್ಲಿಸಿದ್ದೆ.

“ಈ ಸಲ ಗಾಳಿ ಸ್ವಲ್ಪ ಜೋರು, ಸಾಹುಕಾರ್ರೇ” ಎಂದರು. ಅಷ್ಟೇ.

“ಗಾಳಿಗೂ ಕಡುಬಿಗೂ ಎಂತ ಸಂಬಂಧ ಮಾರಾಯ್ರೇ?” ಎಂದು ಸಾಹುಕಾರರು ನಕ್ಕರು. ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಬಿಡಲಿಲ್ಲ.

ಭಟ್ಟರು ಚೀಲ ಹಿಡಿದು ಸಾಗರದ ಬಸ್ಸು ಹತ್ತಿದರು. ಎರಡು ವರ್ಷಕ್ಕೆ ಅಲ್ಲೇ ತಂಗಿಯ ಮನೆಯಲ್ಲಿ ತೀರಿಕೊಂಡರಂತೆ. ಅಷ್ಟರಲ್ಲಿ ನಾನು ಸಾಗರಕ್ಕೆ ನಾಲ್ಕು ಸಲ ಹೋಗಿದ್ದೆ. ಆ ಮನೆಗೆ ಹೋಗಲಿಲ್ಲ.

ಅವರು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ, ತೀರ್ಥಹಳ್ಳಿಯವರು ಬರುವ ಮೊದಲೇ, ಉಳಿದ ಹಲಗೆಗಳನ್ನೆಲ್ಲ ಎಂದಿನಂತೆ ತೂಗುಹಾಕಿದೆ. ಮೂರು ಗೀಟಿನದನ್ನು ಒಲೆಗೆ ತುರುಕಿ, ಅದೇ ಉರಿಯಲ್ಲಿ ಇಡ್ಲಿ ಇಟ್ಟೆ.