ಕೆರೆ ಬಲಕ್ಕಿರಲಿ

ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಇವತ್ತಿಗೂ ಆ ಕಾಡಿನ ಪಲಾವ್ ಎಲೆಯ ಘಾಟು ಮೂಗಿಗೆ ಬರುತ್ತದೆ. ನಮ್ಮ ಅಡುಗೆಮನೆಯ ಎಲೆಯ ಪರಿಮಳವೇ, ಆದರೆ ನೀಲಗಿರಿ ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಇನ್ನಷ್ಟು ಖಾರ. ಎಲೆ ಎಂದೋ ಪುಡಿಯಾಗಿದೆ. ವಾಸನೆ ಡಬ್ಬಿಯಲ್ಲಿದೆಯೋ ನನ್ನ ತಲೆಯಲ್ಲಿದೆಯೋ ಎಂಬುದು ನನ್ನ ಚಿಂತೆಗಳ ಪಟ್ಟಿಗೆ ಇತ್ತೀಚೆಗೆ ಸೇರಿದ ಹೊಸ ಚಿಂತೆ. ಆ ಪುಡಿಯ ಕೆಳಗೆ ಒಂದು ಹಿತ್ತಾಳೆಯ ಕೀ ಮಲಗಿದೆ. ನನ್ನ ಅಜ್ಜಿ ನಡೆದು ಗೆದ್ದ ಕೀ.

ಅವು ಡಾಟ್‌ಕಾಮ್ ಭರಾಟೆಯ ದಿನಗಳು. ಸನ್ನಿವೇಲ್‌ನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಅಪ್ಪ, ಅಮ್ಮ, ಹನ್ನೆರಡು ವರ್ಷದ ನಾನು, ಮತ್ತು ಆರು ತಿಂಗಳಿಗೆಂದು ಮಂಡ್ಯದಿಂದ ಬಂದಿದ್ದ ಅಪ್ಪನ ತಾಯಿ. ಬಂದ ಎರಡನೇ ವಾರದಲ್ಲೇ ಅಜ್ಜಿ ಗಾಳಿಗೆಂದು ಹೊರಗೆ ಹೋಗಿದ್ದಳು. ತಾನೇ ಲಾಕ್ ಆಗುವ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ನಾನು ಸ್ಕೂಲಿನಿಂದ ಬರುವ ತನಕ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದ ಮನೆಯಾಕೆ ಕಿತ್ತಳೆಹಣ್ಣು ಕೊಟ್ಟಳು, ಚೆನ್ನಾಗಿತ್ತು ಎಂದಷ್ಟೇ ಅವಳ ವರದಿ. ಅಪ್ಪನಿಗೆ ಮಾತ್ರ ಅದು ಮಹಾ ಅನಾಹುತ. ಮಂಡಿ ನೋವಿನ ಹೆಂಗಸು, ಇಂಗ್ಲಿಷ್ ಬಾರದು, ಬಿದ್ದರೆ ಗತಿಯೇನು ಎಂದು ಇದ್ದೊಂದು ಹೆಚ್ಚುವರಿ ಕೀಯನ್ನು ತನ್ನ ಜೇಬಿಗೇ ಸೇರಿಸಿಕೊಂಡ. ಊರಿನಲ್ಲಿ ಪ್ರತಿ ಬೆಳಿಗ್ಗೆ ಕಲ್ಯಾಣಿಯನ್ನು ಮೂರು ಸುತ್ತು ಬರುತ್ತಿದ್ದವಳು ಇಲ್ಲಿ ಸೋಫಾದಿಂದ ಟೀವಿಯವರೆಗೆ ಕಾರ್ಪೆಟ್ ಸವೆಸುತ್ತಿದ್ದಳು. ದಿನಾ ಕೀ ಕೇಳುತ್ತಿದ್ದಳು, ದಿನಾ ಅಪ್ಪ ಇಲ್ಲವೆನ್ನುತ್ತಿದ್ದ. ಕೊನೆಗೊಂದು ಭಾನುವಾರ, ಉಪ್ಪಿಟ್ಟಿನ ತಟ್ಟೆಯ ಮುಂದೆ, ಮಾತು ಮುಗಿಸುವ ಉಪಾಯವೆಂದು ಅಪ್ಪ ಒಂದು ಪಂತ ಕಟ್ಟಿದ. ಪಾಲೋ ಆಲ್ಟೋದಾಚೆಯ ಬೆಟ್ಟದ ಕಾಡಿನೊಳಗೆ ಒಂದು ಕೆರೆಯಿದೆ, ಸುತ್ತ ಒಂದೂವರೆ ಮೈಲಿ ದಾರಿ. ಎಲ್ಲೂ ಕೂರದೆ, ಯಾರ ಕೈಯನ್ನೂ ಹಿಡಿಯದೆ ಒಂದು ಸುತ್ತು ಬಂದರೆ ಕೀ ಅವಳದು. ಅರ್ಧದಲ್ಲೇ ಕೂತುಬಿಡುತ್ತಾಳೆ ಎಂಬುದು ಅವನ ಎಣಿಕೆ. ಅಜ್ಜಿ ತಟ್ಟೆ ತೊಳೆಯಲೂ ಇಲ್ಲ, ಅಮ್ಮನ ಶೂ ಹುಡುಕಲು ಹೊರಟಳು.

ಮನೆಯಲ್ಲೇ ಉಳಿದ ಅಮ್ಮ ಚಿತ್ರಾನ್ನದ ಡಬ್ಬಿ ಕಟ್ಟಿದಳು. ನಾನು ಬ್ಯಾಂಡೇಜು, ಸೀಟಿ, ಟಾರ್ಚು ತುಂಬಿಕೊಂಡೆ. ಹಾಡಹಗಲಲ್ಲಿ ಟಾರ್ಚು ಯಾಕೆಂದು ಯಾರೂ ಕೇಳಲಿಲ್ಲ; ನನ್ನ ಸ್ವಭಾವ ಮನೆಗೆಲ್ಲ ಗೊತ್ತಿತ್ತು. ಅಜ್ಜಿಯ ತಲೆಯ ಮೇಲೆ ಇಂಟರ್ನೆಟ್ಟಿನಲ್ಲಿ ಹೂಗುಚ್ಛ ಮಾರಲು ಹೊರಟಿದ್ದ ಕಂಪನಿಯೊಂದರ ಪುಕ್ಕಟೆ ಟೋಪಿ. ಕಂಪನಿ ಆರು ತಿಂಗಳಲ್ಲಿ ಬಾಗಿಲು ಹಾಕಿತು, ಟೋಪಿ ಅಜ್ಜಿಯೊಂದಿಗೆ ಮಂಡ್ಯದವರೆಗೂ ಹೋಯಿತು. ಕಾಡಿನ ಬಾಗಿಲಲ್ಲೇ, ಇಲ್ಲಿನವರು ಬೆಟ್ಟದ ಸಿಂಹ ಎನ್ನುವ ಚಿರತೆಯಂಥ ಪ್ರಾಣಿಯ ಬಗ್ಗೆ ಎಚ್ಚರಿಕೆಯ ಬೋರ್ಡು. ಎದುರಾದರೆ ಓಡಬಾರದು, ಕೈಯೆತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಬೇಕಂತೆ ಎಂದು ನಾನು ನಡುಗುತ್ತಾ ಓದಿ ಹೇಳಿದೆ. ಅಜ್ಜಿ ಸೆರಗು ಅಗಲಿಸಿ ತೋರಿಸಿ, ಸಾಕಾ ಎಂದು ಕೇಳಿದಳು. ಮಂಜು ಆಗಷ್ಟೇ ಸರಿದಿತ್ತು, ರೆಡ್‌ವುಡ್ ಮರಗಳಿಂದ ಹನಿ ತೊಟ್ಟಿಕ್ಕುತ್ತಿತ್ತು, ಹೆಜ್ಜೆಯ ಸದ್ದನ್ನು ನೆಲವೇ ನುಂಗುತ್ತಿತ್ತು. ಬಿದ್ದಿದ್ದ ಎಲೆಯೊಂದನ್ನು ಅಜ್ಜಿ ಉಜ್ಜಿ ಮೂಸಿ, ಇದು ಪಲಾವ್ ಎಲೆಯ ಮರ, ಇಷ್ಟೊಂದು ಇಟ್ಕೊಂಡು ಈ ಜನ ಬರೀ ಬ್ರೆಡ್ಡು ತಿಂತಾರಲ್ಲ ಎಂದು ಮರುಗಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರೇಂಜರ್ ಹಿಡಿಯುತ್ತಾನೆಂದು ನಾನು ಹಿಂದೆ ಹಿಂದೆ ನೋಡುತ್ತಾ ನಡೆದೆ.

ಅರ್ಧ ದಾರಿಯ ಮರದ ಸೇತುವೆಯ ಮೇಲೆ ಅಜ್ಜಿ ತಟ್ಟನೆ ನಿಂತಳು. ಸುಸ್ತಾಯಿತೆಂದುಕೊಂಡು ಅಪ್ಪ ಕೈಚಾಚಿದ. ಅವಳು ನೀರನ್ನೇ ನೋಡುತ್ತಿದ್ದಳು.

"ಏನ್ಲಾ ರಾಜ, ಕೆರೆನ ಎಡಕ್ಕಿಟ್ಕೊಂಡು ಸುತ್ತುಸ್ತಾ ಇದ್ದೀಯಲ್ಲ."

"ಇದೇನು ದೇವಸ್ಥಾನವಾ ಅವ್ವ? ಬೋರ್ಡಲ್ಲಿ ಬಾಣದ ಗುರುತು ಹಿಂಗೇ ಹಾಕವ್ರೆ."

"ಬಾಣ ಹಾಕ್ದೋನಿಗೇನ್ ಗೊತ್ತು. ನೀನು ನಮ್ಮೂರೋನು ತಾನೇ?"

ವಾಪಸು ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ. ತುಟಿ ಬಿಗಿದು ಮುಂದೆಯೇ ನಡೆದಳು. ಎಲ್ಲೂ ಕೂರಲಿಲ್ಲ. ಪಾರ್ಕಿಂಗಿನ ಬಳಿ ಬಂದಾಗ ಅಪ್ಪನ ಹೊಸ ಶೂ ಹಿಮ್ಮಡಿ ಕಿತ್ತುಹಾಕಿತ್ತು. ಬೆಂಚಿನ ಮೇಲೆ ಕುಸಿದವನು ಜೇಬಿನಿಂದ ಕೀ ತೆಗೆದು ನೀಡಿಯೇಬಿಟ್ಟ. ಸೋತವನ ಮುಖವಲ್ಲ ಅದು, ಹೆಮ್ಮೆಯದು. ಅಜ್ಜಿ ಕೈ ಮುಂದೆ ಮಾಡಲಿಲ್ಲ. ಒಂದು ಸುತ್ತು ಅಂತ ಮಾತಾಗಿದೆ, ಅಪ್ರದಕ್ಷಿಣೆ ಬಂದದ್ದು ಸುತ್ತಲ್ಲ ಎಂದಳು. ಟೋಪಿ ಸರಿಮಾಡಿಕೊಂಡು, ಕೆರೆಯನ್ನು ಬಲಕ್ಕಿಟ್ಟುಕೊಂಡು, ಬಾಣಕ್ಕೆ ಎದುರಾಗಿ ಮತ್ತೆ ಹೊರಟಳು. ನನ್ನನ್ನು ಕಾವಲಿಗೆ ಅಟ್ಟಲಾಯಿತು.

ಆಗ ಎದುರಿಗೆ ಬರತೊಡಗಿದರು, ಮೊದಲ ಸುತ್ತಿನಲ್ಲಿ ನಾವು ಹಿಂದಿಕ್ಕಿದ್ದವರೆಲ್ಲ. ಊರುಗೋಲು ಹಿಡಿದಿದ್ದ ಮುದುಕ ದಂಪತಿ ಅಜ್ಜಿಯನ್ನು ಮತ್ತೆ ಕಂಡು ಹೆಬ್ಬೆರಳೆತ್ತಿದರು. ಅಜ್ಜಿ ಗಂಭೀರವಾಗಿ ತನ್ನ ಹೆಬ್ಬೆರಳನ್ನೂ ಎತ್ತಿದಳು. ಕೊನೆಯ ತಿರುವಿನಲ್ಲಿ ಬಿದ್ದ ಮರವೊಂದರ ಮೇಲೆ ಕೂತುಬಿಟ್ಟವಳು ನಾನು. ಹನ್ನೆರಡು ವರ್ಷದ ನನ್ನ ಮಂಡಿಗಳು ಮುಷ್ಕರ ಹೂಡಿದ್ದವು.

"ನೀನು ಕೂತ್ಕೊ ಮಗ," ಎಂದಳು ಅಜ್ಜಿ, ನಿಂತೇ ಸುಧಾರಿಸಿಕೊಳ್ಳುತ್ತಾ. "ಪಂತ ಇರೋದು ನಂಗೆ."

ನನಗಾಗಿ ಕಾಯಲಿಲ್ಲ. ಮರಗಳ ಸಂದಿಯಲ್ಲಿ ಆ ಟೋಪಿ ಏರುತ್ತಾ ಇಳಿಯುತ್ತಾ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ನಾನು ಕುಂಟುತ್ತಾ ತಲುಪುವ ಹೊತ್ತಿಗೆ ಕೀ ಸೆರಗಿನ ತುದಿಯಲ್ಲಿ ಗಂಟಾಗಿತ್ತು, ಅಜ್ಜಿ ಚಿತ್ರಾನ್ನ ತಿನ್ನುತ್ತಿದ್ದಳು, ಅಪ್ಪ ನಗುತ್ತಿದ್ದ. ಅವನ ಸೊಂಟದ ಆಫೀಸಿನ ಪೇಜರ್ ಸಿಗ್ನಲ್ ಸಿಗದೆ ಕಾಡಿನಲ್ಲಿ ಮೂಕವಾಗಿತ್ತು. ಅವನು ಅಷ್ಟು ನಕ್ಕದ್ದನ್ನು ನಾನು ಮತ್ತೆ ಬಹಳ ಸಲ ನೋಡಲಿಲ್ಲ.

ಉಳಿದ ನಾಲ್ಕು ತಿಂಗಳು ಅಜ್ಜಿ ಪ್ರತಿದಿನ ಹೊರಗೆ ಹೋದಳು, ತಾನೇ ಬಾಗಿಲು ತೆರೆದು ಒಳಗೆ ಬಂದಳು. ಹೊರಡುವ ದಿನ ಸೆರಗಿನ ಗಂಟು ಬಿಚ್ಚಿ ಕೀಯನ್ನೂ, ಒಣಗಿದ ಆ ಎಲೆಯನ್ನೂ ನನ್ನ ಕೈಗಿತ್ತಳು. ಈಗ ಅಜ್ಜಿಯಿಲ್ಲ, ಅಪ್ಪನೂ ಇಲ್ಲ. ಅಪಾರ್ಟ್‌ಮೆಂಟನ್ನು ಕೆಡವಿ ಗಾಜಿನ ಆಫೀಸು ಕಟ್ಟಿದ್ದಾರೆ, ಕೀಗೆ ಬಾಗಿಲಿಲ್ಲ. ಹೋದ ತಿಂಗಳು ಮಗಳನ್ನು ಆ ಕೆರೆಗೆ ಕರೆದೊಯ್ದೆ. ಎಲ್ಲರೂ ಆ ಕಡೆಯಿಂದ ಬರುತ್ತಿದ್ದಾರೆ, ನಾವೇ ತಪ್ಪು ದಾರಿ ಎಂದು ಅವಳು ಇಂಗ್ಲಿಷಿನಲ್ಲಿ ತಕರಾರು ತೆಗೆದಳು. ನನ್ನ ಬ್ಯಾಗಿನಲ್ಲಿ ಬ್ಯಾಂಡೇಜು, ಸೀಟಿ, ಟಾರ್ಚು ಎಲ್ಲ ಇದ್ದವು. ಜೇಬಿನಲ್ಲಿ ಕೀ ಇತ್ತು. ಎದುರು ಬಂದವರಿಗೆ ದಾರಿ ಬಿಡುತ್ತಾ, ನೀರನ್ನು ಬಲಕ್ಕಿಟ್ಟುಕೊಂಡು, ಎಲ್ಲೂ ಕೂರದೆ ನಡೆದೆ.