ಮುರುಗಲು ಹಲ್ಲಿನ ಬೀಗಿತ್ತಿ

ನಗು ಬಂದರೆ ನಮ್ಮ ಬೀಗಿತ್ತಿಯ ಬಾಯಿಗಿಂತ ಮೊದಲು ಸೆರಗು ಏಳುತ್ತಿತ್ತು. ಅದರ ಅಂಚಿನಲ್ಲಿ ಒಮ್ಮೊಮ್ಮೆ ಕಾಣುವ ಹಲ್ಲುಗಳು ಮಳೆಗೆ ನೆನೆದ ಕೆಂಪು ಚಿರೆಕಲ್ಲಿನ ಬಣ್ಣ. ನನ್ನ ಮಗಳನ್ನು ನೋಡಲು ಕುಮಟೆಯಿಂದ ಹೊನ್ನಾವರಕ್ಕೆ ಬಂದ ದಿನವೂ ಹಾಗೇ ಕೂತಿದ್ದರು. ಬಹಳ ಗತ್ತಿನ ಹೆಂಗಸು ಎಂದು ಹೆದರಿದ್ದೆ. ಆಮೇಲೆ ಅಡುಗೆಮನೆಗೆ ಬಂದು ಅವರೇ ಹೇಳಿದರು, "ಎಲೆ-ಅಡಿಕೆ ತಿನ್ನೂದು ಬಿಟ್ಟು ಎಷ್ಟೋ ವರ್ಷ ಆತು ಅಕ್ಕ. ನಾ ಬಿಟ್ಟೆ, ಅದು ನನ್ನ ಬಿಡ್ಲಿಲ್ಲ."

ಮಾವಿನೆಲೆ, ಉಪ್ಪು, ಇದ್ದಿಲು ಎಲ್ಲ ತಿಕ್ಕಿ ಸೋತಿದ್ದರು. ಮೀನಿನವಳ ಹತ್ತಿರ ಚೌಕಾಶಿಯೂ ಸೆರಗಿನ ಹಿಂದಿನಿಂದಲೇ. "ಎಂತ, ಬಾಯಿಗೆ ಬಾಗ್ಲು ಹಾಕಿದ್ರ್ಯಾ?" ಎಂದು ಅವಳು ಕೆಣಕಿದರೆ, "ನಿನ್ನ ಬಂಗ್ಡೆ ವಾಸ್ನೆ ಒಳಗ್ ಬರ್ಬಾರ್ದು ಅಂತ" ಎನ್ನುವರು.

ಮಗಳು ಕೆಲಸಕ್ಕೆ ಹೋಗುವುದರಿಂದ ಮೊಮ್ಮಗಳು ಬೆಳೆದದ್ದು ಅವರ ಮಡಿಲಲ್ಲೇ. ಆ ಮಗುವಿನ ಮಾತು ಬಂದರೆ ನನಗೆ ಪೆನ್ನು ನಿಲ್ಲುವುದಿಲ್ಲ. ಅಕ್ಕಿಕಾಳಿನಂಥ ಹಲ್ಲು, ಅದರ ನಗು ಕೇಳಲೆಂದೇ ನಾನು ಬಸ್ಸು ಹತ್ತುವುದು. ಮೂರು ವರ್ಷ ತುಂಬಿದ ಮೇಲೆ ಒಂದು ದಿನ ಹೋಗಿ ಆಡಿನಂತೆ ಕೂಗಿದೆ. ಮಗುವಿಗೆ ನಗು ಉಕ್ಕಿತು. ಉಕ್ಕಿದ್ದೇ, ಫ್ರಾಕಿನ ಅಂಚು ಎತ್ತಿ ಬಾಯಿ ಮುಚ್ಚಿಕೊಂಡಿತು.

"ಎಂತಕ್ಕೆ ಪುಟ್ಟಿ, ಬಾಯಿ ಮುಚ್ಚೂದು?"

"ನಗುವಾಗ ಮುಚ್ಕಣ್ಬೇಕು. ಅಜ್ಜಿ ಹಂಗೆ."

ಚಹಾ ತರುತ್ತಿದ್ದ ಬೀಗಿತ್ತಿ ಹೊಸ್ತಿಲಲ್ಲೇ ನಿಂತರು. "ನಾ ಇದಕ್ಕೆ ಎಂತ ಕಲ್ಸಿಬಿಟ್ಟೆ ಅಕ್ಕ" ಎಂದರು.

ಮರುವಾರ ಇಬ್ಬರೂ ಹಲ್ಲಿನ ಡಾಕ್ಟರ ಮುಂದೆ ಕೂತೆವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಚೆನ್ನಾಗಿ ತಿಳಿಸಿ ಹೇಳಿದಳು. ಎಲೆಯ ಕಲೆ ಮೇಲಿನದು, ಅದನ್ನು ಕೆರೆದು ತೆಗೆಯಬಹುದು. ವಯಸ್ಸಾದಂತೆ ಹಲ್ಲಿನ ಮೇಲ್ಪದರ ಸವೆದು ಒಳಗಿನ ಹಳದಿ ಕಾಣುತ್ತದೆ, ಅದನ್ನು ಔಷಧಿ ಹಚ್ಚಿ ತಿಳಿಯಾಗಿಸಬಹುದು, ಪೂರ್ತಿ ಹೋಗುವುದಿಲ್ಲ. ಒಂದೆರಡು ದಿನ ಹಲ್ಲು ಜುಮ್ಮೆನ್ನಬಹುದು. ಚಹಾ, ಕಾಫಿ, ಅರಿಶಿನದ ಸಾರು, ಬಣ್ಣದ್ದು ಯಾವುದೂ ಬೇಡ.

ಕಲೆ ಕೆರೆಯುವ ಕೆಲಸ ಅವತ್ತೇ ಮುಗಿಯಿತು, ಔಷಧಿಗೆ ಮತ್ತೊಂದು ದಿನ ಹೋದೆವು. ಹಚ್ಚಿಸಿಕೊಂಡು ಹೊರಗೆ ಬಂದ ಬೀಗಿತ್ತಿಯನ್ನು ನೋಡಿ ನಾನು ದಂಗಾದೆ. ಮುಖ ಅವರದೇ, ಹಲ್ಲು ಬೇರೆ ಯಾರದ್ದೋ. ಸೆರಗು ಅಭ್ಯಾಸಬಲದಿಂದ ಅರ್ಧ ಎದ್ದು, ಕೆಲಸವಿಲ್ಲದೆ ಕೆಳಗಿಳಿಯಿತು.

ಮರುದಿನ ಬೆಳಿಗ್ಗೆ ಫೋನು. "ಅಕ್ಕ, ಒಂಚೂರು ಬನ್ನಿ."

ಹೋದರೆ, ಮತ್ತೆ ಸೆರಗು ಬಾಯಿಯ ಮೇಲೆ. ತೆಗೆದಾಗ ನಾನು ಕಣ್ಣುಜ್ಜಿಕೊಂಡೆ. ಹಲ್ಲೆಲ್ಲ ಗುಲಾಬಿ, ಅಲ್ಲಲ್ಲಿ ತೇಪೆ ಹಚ್ಚಿದ ಹಾಗೆ. ಹಿಂದಿನ ಸಂಜೆ ಹಲ್ಲು ಜುಮ್ಮೆಂದಿದೆ. ಉಷ್ಣವಾಯಿತೆಂದು ತಿಳಿದು, ತಂಪಿಗೆಂದು ಮುರುಗಲು ಹಣ್ಣಿನ ಕೆಂಪು ಪಾನಕವನ್ನು ತಂಬಿಗೆಗಟ್ಟಲೆ ಬಾಯಲ್ಲಿ ಇಟ್ಟುಕೊಂಡು ಇಟ್ಟುಕೊಂಡು ಕುಡಿದಿದ್ದಾರೆ.

"ಬಣ್ಣದ್ದು ಬೇಡ ಅಂದಿದ್ರಲ್ಲ ಮಾರಾಯ್ತಿ."

"ಮುರುಗಲು ಮದ್ದಲ್ದಾ ಅಕ್ಕ? ಮದ್ದಿಗೆ ಎಂತಾ ಬಣ್ಣ?"

ಅಷ್ಟರಲ್ಲಿ ಮಗು ಬಂತು. ಅಜ್ಜಿಯ ಬಾಯಿ ನೋಡಿ, "ಅಜ್ಜಿಗೆ ಮುರುಗಲು ಹಲ್ಲು" ಎಂದು ನಗಲು ಹೊರಟಿತು. ಫ್ರಾಕಿನ ಅಂಚು ಮೇಲೇರಿತು. ಬೀಗಿತ್ತಿ ಆ ಪುಟ್ಟ ಕೈಯನ್ನು ಹಿಡಿದುಕೊಂಡರು. ಇನ್ನೊಂದು ಕೈ ತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿತು. ಆಮೇಲೆ ಬಾಯಿ ಪೂರ್ತಿ ತೆರೆದು, ಗುಲಾಬಿ ತೇಪೆಯೆಲ್ಲ ಕಾಣುವಂತೆ ನಕ್ಕರು. ಅವರ ನಗುವಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮಗು ಒಂದು ಗಳಿಗೆ ಬೆರಗಾಗಿ ನೋಡಿತು. ಮತ್ತೆ ತಾನೂ ಬಾಯಿ ತೆರೆಯಿತು.

ಡಾಕ್ಟರು ಬೈದು, ಮತ್ತೆ ತೊಳೆದರು. ಬಹಳಷ್ಟು ಹೋಯಿತು, ಮಾಸಲು ಹಳದಿ ಉಳಿಯಿತು. ಮತ್ತೊಮ್ಮೆ ಔಷಧಿ ಹಚ್ಚುವುದೇ ಎಂದು ಕೇಳಿದರೆ ಬೀಗಿತ್ತಿ, "ಸಾಕು, ನನ್ನ ಕೆಲಸ ಆತು" ಎಂದು ಕುರ್ಚಿಯಿಂದ ಎದ್ದರು.

ನಾನು ಅವರ ಮನೆಗೆ ಮಗಳನ್ನು ಕೊಟ್ಟೆ ಎಂದು ಎಲ್ಲರೂ ಹೇಳುತ್ತಾರೆ. ಅವರು ನನಗೆ ಕೊಟ್ಟದ್ದು ಯಾರಿಗೂ ಗೊತ್ತಿಲ್ಲ. ಈಗ ಕುಮಟೆಗೆ ಹೋದರೆ, ಗೇಟು ತೆರೆಯುವ ಮೊದಲೇ ನನ್ನ ಮೊಮ್ಮಗಳ ನಗು ರಸ್ತೆಗೆ ಕೇಳುತ್ತದೆ.